ಕನಸು ಕಾಣಿಸಿ ಕಳಿಸಿಕೊಟ್ಟೆ

ಜನರನ್ನು ಹಿಡಿದಿಟ್ಟುಕೊಳ್ಳುವ ಕಲೆ ನನಗೆ ಹುಟ್ಟಿನಿಂದಲೇ ಬಂದಿದೆಯೆಂದು ನಾನು ನಂಬಿದ್ದೆ. ಸೂರತ್ ಬಳಿಯ ಸಚಿನ್‌ನಲ್ಲಿ, ಸೀರೆಗಳಿಗೆ ಪ್ರಿಂಟ್ ಹಾಕುವ ಕಾರ್ಖಾನೆಯೊಂದರಲ್ಲಿ ನಾನು ಎಚ್.ಆರ್. ಮ್ಯಾನೇಜರ್. ಇಂಥ ನಂಬಿಕೆಯಿಲ್ಲದಿದ್ದರೆ ಆ ಕುರ್ಚಿಯಲ್ಲಿ ಕೂರುವುದೇ ಕಷ್ಟ!

ನಮ್ಮ ಡಿಸೈನರ್ ಹೇತಲ್ ಬಿಡಿಸಿದ ನವಿಲು ಸೀರೆಗೆ ಬಂದರೆ, ಗಿರಾಕಿಗಳು ಗರಿ ಉದುರೀತೆಂಬಂತೆ ಮೆಲ್ಲಗೆ ಮಡಚುತ್ತಿದ್ದರು. ಪಕ್ಕದ ಕಾರ್ಖಾನೆಯವರು ಅವಳನ್ನು ಕರೆಯುತ್ತಿದ್ದಾರೆಂಬ ಸುದ್ದಿ ಬಂತು.

"ಅವಳು ಹೋದರೆ ನೀವೂ ಹೋದಿರಿ," ಎಂದರು ಮಾಲೀಕರು. ಗುಜರಾತಿಯಲ್ಲಿ, ಬಹಳ ಪ್ರೀತಿಯಿಂದ.

ಸೂರತ್‌ನ ಅಡಾಜಣ್ ಬಡಾವಣೆಯ ಮನೆಗೆ ಬಂದು ಹೆಂಡತಿ ಸುಧಾಳಿಗೆ ಹೇಳಿದೆ. ಹೇತಲ್ ನಮ್ಮಲ್ಲಿಗೆ ಆಗಾಗ ಊಟಕ್ಕೆ ಬರುವವಳು.

"ಮಷೀನಿನ ಸಪ್ಪಳದಾಗ ಕೈ ಓಡೂದಿಲ್ಲ ಅಂತಾಳ್ರೀ ಆ ಹುಡುಗಿ. ಬ್ಯಾರೆ ಒಂದು ಖೋಲಿ ಕೊಡಸ್ರಿ, ಮುಗೀತು."

"ಖೋಲಿ ಕೊಟ್ರ ಮಂದಿ ನಿಲ್ಲೂದಿಲ್ಲ ಸುಧಾ. ಮಂದಿಗೆ ಕನಸು ಬೇಕು!"

ಸುಧಾ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ ಒಳಗೆ ಹೋದಳು. ಅದನ್ನು ನಾನು ಒಪ್ಪಿಗೆಯೆಂದು ತಿಳಿದೆ.

ಶನಿವಾರ ಮಧ್ಯಾಹ್ನ ಡಿಸೈನ್ ವಿಭಾಗದವರನ್ನೆಲ್ಲ ಕೂರಿಸಿ, ಪರದೆ ಎಳೆದು, ಕೊಳಲಿನ ನಾದ ಹಾಕಿದೆ. "ಕಣ್ಣು ಮುಚ್ಚಿ. ಕೆಲವು ವರ್ಷ ಕಳೆದಿವೆ. ಚೆಂದದ ಒಂದು ಬೆಳಗು. ನೀವು ಎಲ್ಲಿದ್ದೀರಿ?"

ಕೋಣೆ ತೇಲತೊಡಗಿತು. ಪರದೆಯ ಹಳದಿ ಬೆಳಕು ರೆಪ್ಪೆಗಳ ಮೇಲೆ ಇಳಿಯಿತು. ಯಂತ್ರಗಳ ಸದ್ದು ದೂರದ ಹೊಳೆಯಂತೆ ಕೇಳಿತು. ನಾನೂ ಕಣ್ಣು ಮುಚ್ಚಿದೆ. ತಾಪಿ ನದಿಯ ಮೇಲೆ ಸೀರೆಗಳು ಉದ್ದಕ್ಕೂ ಬಿಚ್ಚಿಕೊಳ್ಳುತ್ತಿದ್ದವು. ಸೆರಗಿನಿಂದ ನವಿಲುಗಳು ಒಂದೊಂದಾಗಿ ದಡಕ್ಕೆ ಇಳಿದು ಬರುತ್ತಿದ್ದವು. ನಾನು ಉಯ್ಯಾಲೆಯಲ್ಲಿ ಕೂತು ಏನೂ ಮಾಡದೆ...

"ಸಾಹೇಬ್! ಸಾಹೇಬ್!"

ಹೇತಲ್ ನನ್ನ ಭುಜ ಅಲುಗಿಸುತ್ತಿದ್ದಳು. ಕೊಳಲು ಯಾವಾಗಲೋ ನಿಂತಿತ್ತು. ಎಲ್ಲರೂ ನನ್ನ ಗೊರಕೆ ಮುಗಿಯಲೆಂದು ಗೌರವದಿಂದ ಕಾಯುತ್ತಿದ್ದರು!

"ನನಗೆ ಕಾಣಿಸಿತು ಸಾಹೇಬ್! ನದಿ ಕಡೆಗೊಂದು ಕಿಟಕಿ. ನನ್ನದೇ ಪುಟ್ಟ ಸ್ಟುಡಿಯೊ!" ಅವಳ ಕಣ್ಣುಗಳು ಇನ್ನೂ ಅಲ್ಲೇ ಇದ್ದವು.

"ಮತ್ತೆ... ನಮ್ಮ ಕಾರ್ಖಾನೆ?"

ಅವಳು ಮತ್ತೊಮ್ಮೆ ಕಣ್ಣು ಮುಚ್ಚಿ ಪ್ರಾಮಾಣಿಕವಾಗಿ ಹುಡುಕಿದಳು.

"ಎಲ್ಲೂ ಕಾಣಿಸ್ತಿಲ್ಲ ಸಾಹೇಬ್."

ಸೋಮವಾರ ಅವಳ ರಾಜೀನಾಮೆ ಬಂತು. ಅವಳ ಹಿಂದೆಯೇ ಇನ್ನಿಬ್ಬರದು. ಪಕ್ಕದ ಕಾರ್ಖಾನೆಗೆ ಹೋಗುವ ಮನಸ್ಸೇ ಅವಳಿಗೆ ಇರಲಿಲ್ಲವಂತೆ; ನಮ್ಮಲ್ಲೇ ಉಳಿಯಬೇಕೆಂದಿದ್ದಳಂತೆ, ನಾನು ಕಣ್ಣು ಮುಚ್ಚಿಸುವ ತನಕ!

ಮಾಲೀಕರು ದೊಡ್ಡ ಮನಸ್ಸು ಮಾಡಿ ನನ್ನನ್ನು ಕ್ಯಾಂಟೀನಿನ ಉಸ್ತುವಾರಿಗೆ ಹಾಕಿದರು. "ಅಲ್ಲಾದರೆ ಜನ ಕಣ್ಣು ಬಿಟ್ಟುಕೊಂಡೇ ಇರುತ್ತಾರೆ," ಎಂದರು.

ಕೆಲವು ತಿಂಗಳ ಬಳಿಕ, ಒಂದು ಭಾನುವಾರ ಹೇತಲ್ ಫೋನ್ ಮಾಡಿದಳು. "ಸಾಹೇಬ್, ಸ್ಟುಡಿಯೊ ಬೆಳೀತಿದೆ. ಹುಡುಗಿಯರನ್ನ ನೋಡ್ಕೊಳ್ಳೋಕೆ, ಬಿಟ್ಟುಹೋಗದ ಹಾಗೆ ಉಳಿಸ್ಕೊಳ್ಳೋಕೆ ಒಬ್ಬರು ಬೇಕು."

ನಾನು ಎದ್ದು ನಿಂತೆ. ಕಾಲರ್ ಸರಿಪಡಿಸಿಕೊಂಡೆ.

"ಯಾವಾಗಿನಿಂದ ಬರಲಿ?"



"ಅದು... ಸಾಹೇಬ್, ಸ್ವಲ್ಪ ಸುಧಾ ಭಾಭಿಗೆ ಫೋನ್ ಕೊಡ್ತೀರಾ?"

ಕೊಟ್ಟೆ. ನನ್ನ ಕೈಬಿಟ್ಟು ಹೋದ ಪ್ರತಿಭಾವಂತರ ಸಾಲಿಗೆ ಹೆಂಡತಿಯೂ ಸೇರಿದಳು!