ಭೀಮರಾಜನ ಚಕ್ಕೋತ

ಭೀಮರಾಜನ ಮರ ಆರು ವರ್ಷಕ್ಕೆ ಮೊದಲ ಹಣ್ಣು ಬಿಟ್ಟಿತು, ಅದೂ ಒಂದೇ ಒಂದು. ದೇವನಹಳ್ಳಿಯ ಆ ಬೀದಿಗೆ ಅಷ್ಟೇ ಸಾಕಾಯಿತು.

ಪಕ್ಕದ ಮನೆಯ ಲಕ್ಷ್ಮೀದೇವಮ್ಮನಿಗೆ ಆ ಮರದ ಎಲೆಯೆಲ್ಲ ತಮ್ಮ ಅಂಗಳಕ್ಕೇ ಉದುರುತ್ತದೆಂದು ಕೋಪ. ಭಾನುವಾರ ಬೆಳಿಗ್ಗೆ ಮರ ಕಡಿಯುವ ಆಳನ್ನೂ ಕರೆದುಕೊಂಡು ಬಂದು ನಿಂತರು.

"ಇದು ಹುಳಿ ಕಂಚಿಕಾಯಿ ಕಣೋ ಭೀಮ. ಉಪ್ಪಿನಕಾಯಿಗೆ ಬಿಟ್ರೆ ಯಾವುದಕ್ಕೂ ಬರಲ್ಲ. ಚಕ್ಕೋತ ಆಗಿದ್ರೆ ಇರ್ಲಿ ಬಿಡು ಅಂತಿದ್ದೆ."

"ಚಕ್ಕೋತಾನೇ ಅಕ್ಕ. ನಂಗೊತ್ತು."

"ಹೆಂಗ್ ಗೊತ್ತು?"

ಭೀಮರಾಜ ಮರದ ಕಡೆ ತಿರುಗಿಕೊಂಡ. "ಗೊತ್ತು, ಅಷ್ಟೆ."

ಬೀದಿ ಸೇರಿತು. ಪಾಪಮ್ಮ ಮೂಸಿ, ಕಂಚಿಯೇ ಎಂದಳು. ರೂಪ ಫೋಟೋ ತೆಗೆದು ಫೋನನ್ನೇ ಕೇಳಿ, "ಕುಂಬಳಕಾಯಿ ಅಂತಿದೆ" ಎಂದಳು. ಸಿದ್ದರಾಜು ಮಗುವಿನ ಹೊಟ್ಟೆ ನೋಡುವ ಡಾಕ್ಟರಂತೆ ಬೆರಳಲ್ಲಿ ತಟ್ಟಿ, "ಎಲ್ಲರೂ ಚಕ್ಕೋತ ಅಂದ್ಬಿಡಿ, ಆಗ್ಹೋಗ್ಲಿ" ಎಂದ.

ಹಿರಿಯರಾದ ಸಂಜೀವಪ್ಪ ನಕ್ಕರು. "ನಾವು ಕೈಯೆತ್ತಿದ್ರೆ ಆಗೋಕೆ ಇದೇನು ಡೈರಿ ಎಲೆಕ್ಷನ್ನಾ? ಅದು ಏನಾಗಬೇಕೋ ಅದು ನೆಟ್ಟ ದಿನವೇ ಆಗಿದೆ. ನಮಗೆ ಗೊತ್ತಾಗೋದು ಮಾತ್ರ ತಿಂದ್ಮೇಲೆ. ಕುಯ್ಯಪ್ಪ."

ಭೀಮರಾಜ ಹಣ್ಣು ಕೊಯ್ದ. ಒಳಗೆ ಕೆಂಪು. ಮೊದಲ ತೊಳೆಯನ್ನು ಲಕ್ಷ್ಮೀದೇವಮ್ಮನ ಕೈಗೇ ಇಟ್ಟ. ಮುಖ ಹುಳ್ಳಗೆ ಮಾಡಿಕೊಳ್ಳಲು ತಯಾರಾಗಿಯೇ ಅವರು ಬಾಯಿಗೆ ಹಾಕಿಕೊಂಡರು. ಮುಖ ಹುಳ್ಳಗಾಗಲಿಲ್ಲ.

"ಸಿಹಿ" ಎಂದರು, ಒಲ್ಲದ ಮನಸ್ಸಿನಿಂದ ಸಾಕ್ಷಿ ಹೇಳುವವರ ಹಾಗೆ.

ಆಳು ಮಚ್ಚನ್ನು ಕಂಕುಳಿಗೆ ಸೇರಿಸಿಕೊಂಡ. ಭೀಮರಾಜ ಮದುವೆ ಮನೆಯ ಯಜಮಾನನಂತೆ ಎಲ್ಲರಿಗೂ ಹಂಚಿದ.

ಲಕ್ಷ್ಮೀದೇವಮ್ಮ ಇನ್ನೊಂದು ತೊಳೆ ಬಿಡಿಸಿದರು. ಮತ್ತೊಂದನ್ನು ಬೆರಳಲ್ಲಿ ಹಿಸುಕಿ ನೋಡಿದರು.

"ಬೀಜ ಎಲ್ಲೋ ಭೀಮ?"

"ಒಂದೂ ಇಲ್ಲ ಅಕ್ಕ! ಇಂಥ ಹಣ್ಣು ಊರಲ್ಲೇ ಸಿಗಲ್ಲ" ಎಂದು ಭೀಮರಾಜ ಉಬ್ಬಿದ.

"ಸಿಗ್ತಿತ್ತು. ಬೀಜ ಇಲ್ದಿರೋ ಮರ ಇಡೀ ಊರಿಗೆ ಒಂದೇ ಇದ್ದಿದ್ದು, ನಮ್ಮತ್ತೆ ಹಾಕಿದ್ದು, ನಮ್ ಹಿತ್ತಲಲ್ಲಿ. ಅದು ಒಣಗಿ ಐದು ವರ್ಷ ಆಯ್ತು. ಅತ್ತೆ ಯಾರಿಗೂ ನೆಡೋಕೆ ಅಂತ ಒಂದು ಕಡ್ಡಿ ಕೊಟ್ಟೋರಲ್ಲ. ಬೀಜಾನೇ ಇಲ್ದಿರೋದು ನಿನ್ ಹಿತ್ತಲಿಗೆ ಹೆಂಗ್ ಬಂತು?"

ಮೇಲೆ ವಿಮಾನ ಹೋಯಿತು. ಭೀಮರಾಜ ಅದನ್ನೇ ಬಹಳ ಹೊತ್ತು ನೋಡಿದ.

"ಅಕ್ಕ, ಇನ್ನೊಂದ್ಸಲ ಸರಿಯಾಗಿ ನೋಡಿ. ಕಂಚೀನೇ ಇರ್ಬೇಕು."

"ಇನ್ನಾಗಲ್ಲಪ್ಪ" ಎಂದು ಸಂಜೀವಪ್ಪ ತುಟಿ ಒರೆಸಿಕೊಂಡರು. "ತಿಂದಾಯ್ತು."

ಸಂಜೆ ಗೋಡೆಯ ಆಚೆಯಿಂದ ದನಿ ಬಂತು: "ಭೀಮಾ, ನಮ್ ಮರಕ್ಕೆ ನೀರು ಹಾಕಿದ್ಯೇನೋ?"