ಕರಿಗೂಳಿಯ ಅತ್ತೆ ಭದ್ರತಾ ಮುಖ್ಯಸ್ಥರಿಗೆ ಬರೆದದ್ದು

ಒಳಾಂಗಣ ಕುಸ್ತಿ ಪ್ರದರ್ಶನದ ಭದ್ರತಾ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ಒಂಬತ್ತು ಸಾವಿರ ಜನರ ಚೀಲ, ಜೇಬು, ನೀರಿನ ಬಾಟಲಿಗಳನ್ನು ಒಂದೇ ಸಂಜೆಯಲ್ಲಿ ತಡಕಾಡಿಯೂ ಮುಖದ ಗಂಟು ಒಂದಿಷ್ಟೂ ಸಡಿಲಿಸದ ತಮ್ಮ ಸಿಬ್ಬಂದಿಗೂ, ಅವರನ್ನು ಹಾಗೆ ತಯಾರು ಮಾಡಿದ ತಮಗೂ ಮೊಟ್ಟಮೊದಲಿಗೆ ನನ್ನ ವಂದನೆಗಳು. ತಾವೂ ತಮ್ಮ ಕೀಂಯ್‌ಗುಟ್ಟುವ ಯಂತ್ರಗಳೂ ಕ್ಷೇಮವೆಂದು ನಂಬಿ, ಕಳೆದ ತಿಂಗಳ ಮೊದಲ ಶನಿವಾರ ನನ್ನ ಕ್ಯಾಮೆರಾದ ವಿಷಯದಲ್ಲಿ ನಡೆದದ್ದನ್ನೆಲ್ಲ ಒಂದೂ ಮುಚ್ಚಿಡದೆ ನಿವೇದಿಸಿಕೊಳ್ಳುತ್ತಿದ್ದೇನೆ.

ನಾನು ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಬೀಗದ ಕೈ ಮಾಡುವವರ ಅಂಗಡಿಗೂ ಕನ್ನಡಕದ ಅಂಗಡಿಗೂ ನಡುವೆ ಒತ್ತಿಕೊಂಡು, ಮೂವತ್ತೊಂದು ವರ್ಷದಿಂದ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಯುತ್ತಿರುವವಳು. ನನ್ನ ಸ್ಟೂಲಿನ ಮೇಲೆ ಕೂತವರಿಗೆ ನಾನು ಹೇಳುವುದು ಮೂರೇ ಮಾತು: ಗದ್ದ ಸ್ವಲ್ಪ ಮೇಲೆ, ಕಿವಿ ಕಾಣಲಿ, ಅಲ್ಲಾಡಬೇಡಿ. ಹಸುಗೂಸಿನಿಂದ ಹಿಡಿದು ನಿವೃತ್ತ ನ್ಯಾಯಾಧೀಶರವರೆಗೆ ಎಲ್ಲರೂ ಈ ಮಾತಿಗೆ ಬೆಲೆ ಕೊಟ್ಟು ಉಸಿರು ಬಿಗಿಹಿಡಿದು ಕೂತಿದ್ದಾರೆ. ಅಲ್ಲಾಡುವ ಯಾವುದರ ಫೋಟೋವನ್ನೂ ನಾನು ಜನ್ಮದಲ್ಲಿ ತೆಗೆದವಳಲ್ಲ.

ಇಂಥವಳಿಗೆ ಸಿಕ್ಕ ಅಳಿಯಂದಿರು ಯಾರೆಂದರೆ, ಪ್ರತಿ ಶನಿವಾರ ತಮ್ಮ ಅಂಗಣಕ್ಕೆ ಕಪ್ಪು ಮುಖವಾಡ ಹಾಕಿಕೊಂಡು ‘ಕರಿಗೂಳಿ’ ಎಂಬ ಹೆಸರಿನಲ್ಲಿ ಬುಸುಗುಟ್ಟುತ್ತ ಬಂದು, ‘ಚಿನ್ನದ ಮಿಂಚು’ ಎಂಬ ನಾಯಕರ ಕೈಯಲ್ಲಿ ಕ್ರಮವಾಗಿ ಒದೆ ತಿಂದು ಹೋಗುವವರು. ಎಂಟು ವರ್ಷದಲ್ಲಿ ಒಂದು ಸಲವೂ ಗೆದ್ದಿಲ್ಲ. ಸೋಲುವುದೇ ಅವರ ಕೆಲಸ, ಆ ಕೆಲಸದಲ್ಲಿ ಅವರನ್ನು ಸೋಲಿಸಿದವರಿಲ್ಲ. ಮನೆಯಲ್ಲಿ ಮಾತ್ರ ಒಣಗಿದ ಬಟ್ಟೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಿಸುವ, ಇಂಜೆಕ್ಷನ್ ಸೂಜಿ ಕಂಡರೆ ಬೆವರುವ ಮನುಷ್ಯ. ನನ್ನ ಮಗಳು ಮೂಳೆ ಆಸ್ಪತ್ರೆಯಲ್ಲಿ ರೋಗಿಗಳಿಗೆ ವ್ಯಾಯಾಮ ಮಾಡಿಸುವವಳು. ಇವರ ಕಳಚಿದ ಭುಜವನ್ನು ದಾರಿಗೆ ತರುತ್ತ ತರುತ್ತ ಮನಸ್ಸು ಕೊಟ್ಟು ಬಂದಳು. ಒದೆ ತಿನ್ನುವುದನ್ನೇ ಕಸುಬು ಮಾಡಿಕೊಂಡವರಿಗೆ ಮಗಳನ್ನು ಕೊಡುವುದೇ ಎಂದು ನಾನು ಮುಖ ಊದಿಸಿಕೊಂಡೇ ಮದುವೆಯ ಫೋಟೋ ತೆಗೆದೆ, ಅರ್ಧಕ್ಕರ್ಧ ಫೋಟೋಗಳಲ್ಲಿ ಅಳಿಯನ ತಲೆ ಚೌಕಟ್ಟಿನಿಂದ ಆಚೆಗೆ ಹೋಯಿತು. ಆಳು ಎತ್ತರ, ಏನು ಮಾಡುವುದು ಎಂದು ಬಂದವರಿಗೆಲ್ಲ ಹೇಳುತ್ತ ಬಂದಿದ್ದೇನೆ. ಮೂವತ್ತೊಂದು ವರ್ಷದ ಕಸುಬಿನವಳಿಗೆ ಎತ್ತರ ಒಂದು ನೆಪವಲ್ಲವೆಂಬುದು ನನಗೂ ಗೊತ್ತು, ಅವರಿಗೂ ಗೊತ್ತು. ಅವರು ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ. ಎತ್ತಿ ಆಡಿದ್ದರೆ ನನಗೆ ನಿದ್ದೆಯಾದರೂ ಬರುತ್ತಿತ್ತು.

ಹೀಗಿರುವಾಗ ಭುಜ ಇನ್ನು ತಡೆಯದು ಎಂದು ವೈದ್ಯರು ಕಡ್ಡಿ ಮುರಿದಂತೆ ಹೇಳಿದ್ದರಿಂದ, ಆ ಶನಿವಾರದ್ದೇ ಅವರ ಕೊನೆಯ ಪಂದ್ಯವೆಂದು ತೀರ್ಮಾನವಾಯಿತು. ನಾನು ಎಂಟು ವರ್ಷದ ಪೋಸ್ಟರುಗಳನ್ನೆಲ್ಲ ಹರಡಿಕೊಂಡು ಹುಡುಕಿದೆ. ಒಂದರಲ್ಲಿ ಅವರ ಮೊಣಕೈ, ಇನ್ನೊಂದರಲ್ಲಿ ಬೆನ್ನು, ಮತ್ತೊಂದರಲ್ಲಿ ನಾಯಕರ ಬೂಟಿನ ಕೆಳಗೆ ಮುಖವಾಡದ ತುದಿ. ಇಡೀ ಮನುಷ್ಯ ಎಲ್ಲೂ ಇರಲಿಲ್ಲ. ಅಂಗಡಿಗೆ ಬೀಗ ಹಾಕಿ, ಕ್ಯಾಮೆರಾವನ್ನು ಟವೆಲಿನಲ್ಲಿ ಸುತ್ತಿ ಚೀಲಕ್ಕಿಟ್ಟುಕೊಂಡು ಮಗಳ ಜೊತೆ ಹೊರಟುಬಿಟ್ಟೆ.

ನಾಲ್ಕನೇ ಗೇಟಿನ ತಮ್ಮ ಕಾವಲುಗಾರರು ಟವೆಲು ಬಿಚ್ಚಿ ನೋಡಿ, “ಅಮ್ಮಾ, ಇದರ ಲೆನ್ಸ್ ಬಿಚ್ಚೋಕೆ ಬರುತ್ತಾ?” ಎಂದು ಕೇಳಿದರು. ಯಾರೋ ಒಬ್ಬರಾದರೂ ನನ್ನ ಕಸುಬಿನಲ್ಲಿ ಆಸಕ್ತಿ ತೋರಿಸಿದರಲ್ಲ ಎಂದು ಹಿಗ್ಗಿ, ಟಕ್ಕನೆ ಬಿಚ್ಚಿ ತೋರಿಸಿದೆ. “ಹಾಗಾದ್ರೆ ಒಳಗೆ ಬಿಡಲ್ಲ. ಬಿಚ್ಚೋಕೆ ಬರೋ ಲೆನ್ಸ್ ಅಂದ್ರೆ ಪ್ರೊಫೆಷನಲ್ಲು” ಎಂದರು. ನನ್ನನ್ನು ಯಾರೂ ಇಷ್ಟು ಗೌರವದಿಂದ ಹೊರಗೆ ನಿಲ್ಲಿಸಿರಲಿಲ್ಲ. ಬಿಚ್ಚಲು ಬರುವುದೆಲ್ಲ ನಿಷಿದ್ಧವಾದರೆ ನನ್ನ ಹಲ್ಲಿನ ಸೆಟ್ಟೂ ಬಿಚ್ಚಲು ಬರುತ್ತದೆ, ಅದನ್ನೆಲ್ಲಿ ಇಡಲಿ ಎಂದು ವಿನಯದಿಂದಲೇ ವಿಚಾರಿಸಿದೆ. ಅವರು ನಿಷಿದ್ಧ ವಸ್ತುಗಳ ಪಟ್ಟಿಯ ಮೇಲೆ ಬೆರಳಾಡಿಸಿ, ಹಲ್ಲು ಇದರಲ್ಲಿಲ್ಲ, ಹೋಗಬಹುದು ಎಂದರು. ಸಾಮಾನು ಇಟ್ಟುಕೊಳ್ಳುವ ಕೌಂಟರಿನವರು, ಕ್ಯಾಮೆರಾ ಒಡೆಯುವ ವಸ್ತು, ನಾವು ಮುಟ್ಟುವುದಿಲ್ಲ ಎಂದು ಮತ್ತೆ ಗೇಟಿಗೇ ಕಳಿಸಿದರು. ಅಷ್ಟು ಹೊತ್ತೂ ನಮ್ಮ ಎಡಬಲದಲ್ಲಿ ಕೈಗೊಂದು ಫೋನು ಹಿಡಿದ ಜನ ಪ್ರವಾಹದಂತೆ ಒಳಗೆ ಹೋಗುತ್ತಿದ್ದರು.

ಆಗ ನನ್ನ ಮಗಳು ಆ ಪಟ್ಟಿಯನ್ನು ಕೈಗೆ ತೆಗೆದುಕೊಂಡು, “ಅಣ್ಣಾ, ಬರೀ ಲೆನ್ಸ್ ಇದರಲ್ಲಿದೆಯಾ?” ಎಂದಳು. ಇಲ್ಲ ಎಂದರು. “ಲೆನ್ಸೇ ಇಲ್ಲದ ಕ್ಯಾಮೆರಾ?” ಎಂದಳು. ಅವರು ಬಗ್ಗಿ ಪಟ್ಟಿಯನ್ನು ಇನ್ನೊಮ್ಮೆ ಓದಿ, “ಅದರಲ್ಲಿ ಬಿಚ್ಚೋಕೆ ಏನೂ ಇಲ್ವಲ್ಲ” ಎಂದರು. ಹೀಗೆ ಲೆನ್ಸು ಮಗಳ ಜೊತೆಗೂ ಕ್ಯಾಮೆರಾ ನನ್ನ ಜೊತೆಗೂ, ಒಬ್ಬರಿಗೊಬ್ಬರು ಗುರುತೇ ಇಲ್ಲದವರಂತೆ, ಸಕ್ರಮವಾಗಿ ಒಳಗೆ ಪ್ರವೇಶಿಸಿದವು. ನಿಯಮವನ್ನು ಬರೆದಿರುವಂತೆಯೇ ಓದಿದ ಆ ಮಹನೀಯರಿಗೆ ಬಡ್ತಿ ಕೊಡಬೇಕೆಂದು ಪ್ರಾರ್ಥಿಸುತ್ತೇನೆ.

ಮೂರನೇ ಸಾಲಿನಲ್ಲಿ ಕೂತು ನಾನು ತೆಗೆದ ಮೊದಲ ನಲವತ್ತು ಫೋಟೋಗಳಲ್ಲಿ ಬಂದದ್ದು ಬರೀ ಹೊಗೆಯಂಥ ಮಸುಕು. ಅಷ್ಟು ದೊಡ್ಡ ದೇಹ ಅಷ್ಟು ಚುರುಕಾಗಿ ಓಡಾಡುವುದನ್ನು ನಾನು ಅವತ್ತೇ ಮೊದಲು ನೋಡಿದ್ದು. ಪಕ್ಕದವರು ಕರಿಗೂಳಿಗೆ ಧಿಕ್ಕಾರ ಕೂಗಿದಾಗಲೆಲ್ಲ ನಾನು ತಿರುಗಿ ಅವರನ್ನು ಗುರಾಯಿಸುತ್ತಿದ್ದೆ, ಮಗಳು ಮಾತ್ರ ಅವರೊಂದಿಗೆ ಸೇರಿ ಇನ್ನೂ ಜೋರಾಗಿ ಕೂಗುತ್ತಿದ್ದಳು. ಖಳನ ಪಾತ್ರದವರಿಗೆ ಅದೇ ಮೆಚ್ಚುಗೆಯಂತೆ. ಕೊನೆಗೆ ನಾಯಕರು ಮೂಲೆಯ ಕಂಬ ಹತ್ತಿ ನಿಂತರು. ಅಲ್ಲಿಂದ ಹಾರಿ ಎದೆಗೆ ಒದೆಯುವುದು, ಇವರು ಅರ್ಧ ಹೆಜ್ಜೆ ಸರಿದು ಒದೆಗೆ ಎದೆ ಕೊಟ್ಟು ಬೀಳುವುದು ಎಂದು ಮೊದಲೇ ಗೊತ್ತುಮಾಡಿದ್ದರಂತೆ. ಕುತೂಹಲ ಏರಲೆಂದು ಸಂಗೀತ ನಿಲ್ಲಿಸಿದರು, ಅಂಗಣ ಗಪ್‌ಚಿಪ್ಪಾಯಿತು. ಅಳಿಯ ನಮ್ಮ ಕಡೆಗೆ ತಿರುಗಿದರು. ಇದು ತಪ್ಪಿದರೆ ಇನ್ನಿಲ್ಲ ಎಂದು ಕ್ಯಾಮೆರಾ ಎತ್ತಿದೆ, ಬಾಯಿ ನನ್ನ ಮಾತು ಕೇಳಲಿಲ್ಲ: “ಗದ್ದ ಸ್ವಲ್ಪ ಮೇಲೆ! ಕಿವಿ ಕಾಣಲಿ! ಅಲ್ಲಾಡಬೇಡಿ!”

ಮಾನ್ಯರೇ, ಕರಿಗೂಳಿ ನಿಂತುಬಿಟ್ಟಿತು. ಗದ್ದ ಎತ್ತಿ, ಮುಖವಾಡದ ಪಕ್ಕವನ್ನು ಎರಡು ಬೆರಳಿನಿಂದ ಸರಿಸಿ, ಒಂದು ಕಿವಿಯನ್ನೂ ತೋರಿಸಿತು. ಚಿನ್ನದ ಮಿಂಚು ಆ ಕಿವಿಯ ಪಕ್ಕದಲ್ಲೇ ಗಾಳಿ ಬೀಸಿದಂತೆ ಹಾದು, ಹಗ್ಗ ದಾಟಿ, ವೀಕ್ಷಕ ವಿವರಣೆ ಹೇಳುತ್ತಿದ್ದ ದಪ್ಪನೆಯ ಇಬ್ಬರ ಮಡಿಲಿಗೆ ಹೋಗಿ ಸುಖವಾಗಿ ಇಳಿದರು. ರೆಫರಿ ಅತ್ತ ನೋಡಿದರು, ಇತ್ತ ನೋಡಿದರು, ಬೇರೆ ದಾರಿ ಕಾಣದೆ ಎಣಿಸತೊಡಗಿದರು. ಹತ್ತರೊಳಗೆ ಹಗ್ಗದ ಒಳಗೆ ಮರಳದಿದ್ದವರು ಸೋತಂತೆ ಲೆಕ್ಕವಂತೆ. ಹತ್ತು ಎನ್ನುವಾಗಲೂ ನಾಯಕರು ಹೆಡ್‌ಫೋನಿನ ವೈರುಗಳಿಂದ ಕಾಲು ಬಿಡಿಸಿಕೊಳ್ಳುತ್ತಿದ್ದರು. ಎಂಟು ವರ್ಷದಲ್ಲಿ ಮೊದಲನೆಯ ಸಲ, ಕೊನೆಯ ಪಂದ್ಯದಲ್ಲಿ, ನನ್ನ ಅಳಿಯ ಗೆದ್ದರು.

ಗೆದ್ದವರು ಕೈ ಎತ್ತಬೇಕಂತೆ. ಇವರು ಹಗ್ಗದ ಬಳಿ ಬಂದು ಬಗ್ಗಿ, “ಅತ್ತೆ, ಬಂತಾ?” ಎಂದು ಕೇಳಿದರು. ರೆಫರಿಯ ಎದೆಯ ಮೈಕು ಆ ಮಾತನ್ನು ಒಂಬತ್ತು ಸಾವಿರ ಜನರಿಗೂ ಮುಟ್ಟಿಸಿತು. “ಬಂತು ಕಣಪ್ಪಾ, ಚೆನ್ನಾಗಿ ಬಂತು” ಎಂದೆ. ಅದುವರೆಗೆ ಧಿಕ್ಕಾರ ಕೂಗಿದ್ದ ಜನವೆಲ್ಲ ಎದ್ದು ನಿಂತು “ಅತ್ತೆ! ಅತ್ತೆ!” ಎಂದು ಕೂಗುವಾಗ ನನಗೆ ಮುಖ ಎಲ್ಲಿಡಲಿ ಎಂದು ತಿಳಿಯದೆ ಕ್ಯಾಮೆರಾದ ಹಿಂದೆ ಇಟ್ಟುಕೊಂಡೆ. ಫೋಟೋ ಅಳಿಸಲು ಧಾವಿಸಿ ಬಂದ ತಮ್ಮ ಮೇಲ್ವಿಚಾರಕರು, ತಮ್ಮತ್ತಲೂ ಅಷ್ಟೊಂದು ಫೋನುಗಳು ತಿರುಗಿರುವುದನ್ನು ಕಂಡು, ಕೂದಲು ಸರಿಮಾಡಿಕೊಂಡು ನನ್ನ ಪಕ್ಕ ನಗುತ್ತ ನಿಂತರು. ಆಮೇಲೆ ನಮ್ಮನ್ನು ಹೊರಗೆ ಕಳಿಸಿದರೆನ್ನಿ, ಆದರೆ ಬಾಗಿಲಿನವರೆಗೆ ಚೀಲ ಅವರೇ ಹೊತ್ತರು.

ಈಗ ಆ ಫೋಟೋ ನಮ್ಮ ಅಂಗಡಿಯ ಗಾಜಿನ ಕಿಟಕಿಯಲ್ಲಿದೆ, ಬೂಟಿನಿಂದ ನೆತ್ತಿಯವರೆಗೆ ಇಡೀ ಮನುಷ್ಯ. ಅಳಿಯ ಅದನ್ನು ನೋಡಿ, ಅಂಗಿಯ ತುದಿಯಿಂದ ಗಾಜು ಒರೆಸಿದರು. ನಾನು ಒಳಗೆ ಹೋಗಿ ಸುಮ್ಮನೆ ಸ್ಟೂಲು ಒರೆಸಿದೆ. ಭುಜಕ್ಕೆ ಭಾರವಿಲ್ಲದ ಕೆಲಸವೆಂದು ಅವರೀಗ ನನ್ನಲ್ಲೇ ಸೇರಿಕೊಂಡು, ಅಳುವ ಕೂಸುಗಳನ್ನು ನಗಿಸುವ ಇಲಾಖೆ ನೋಡಿಕೊಳ್ಳುತ್ತಿದ್ದಾರೆ.

ತಮ್ಮಲ್ಲಿ ನನ್ನ ಬೇಡಿಕೆ ಬಹಳ ಸಣ್ಣದು. ಹಾರುವ ಕುಸ್ತಿಪಟುಗಳು ಗಾಳಿಯಲ್ಲಿ ಒಂದು ಕ್ಷಣ ನಿಂತು ಗದ್ದ ಎತ್ತಿ ಮುಂದುವರಿಯುವಂತೆ ದಯವಿಟ್ಟು ಸುತ್ತೋಲೆ ಹೊರಡಿಸಿ. ಅದಾಗದಿದ್ದರೆ, ತಾವು ಕಳಿಸಿರುವ ನೋಟೀಸಿನ ಪ್ರಕಾರ ಜೀವನಪರ್ಯಂತ ಹೊರಗಿರಲು ನಾನು ಸಂತೋಷದಿಂದ ಸಿದ್ಧ. ಜೀವನಪರ್ಯಂತ ಎಂಬ ಶಬ್ದವನ್ನು ಅರವತ್ತೆರಡರ ವಯಸ್ಸಿನವಳಿಗೆ ಬಳಸಿದ ತಮ್ಮ ಆಶಾವಾದಕ್ಕೆ ಕೃತಜ್ಞತೆಗಳು.

ಗೇಟಿನ ಹೊರಗಿನಿಂದಲೇ,
ತಮ್ಮ ವಿಶ್ವಾಸಿ,
ಪಾಸ್‌ಪೋರ್ಟ್ ಫೋಟೋದವಳು

ತಾ.ಕ.: ನೋಟೀಸಿನ ಜೊತೆ ಎಲ್ಲ ಗೇಟುಗಳಲ್ಲೂ ಅಂಟಿಸಿರುವ ನನ್ನ ಚಿತ್ರವನ್ನು ತಮ್ಮ ಚಾವಣಿಯ ಕ್ಯಾಮೆರಾ ತೆಗೆದಿರುವುದರಿಂದ, ಅದು ಯಾವ ಹೆಂಗಸಿಗೆ ಬೇಕಾದರೂ ಹೊಂದುತ್ತದೆ. ಮೊನ್ನೆ ಅದನ್ನು ನೋಡಿಕೊಂಡು ತಮ್ಮವರು ಮುಕ್ಕಾಲು ಗಂಟೆ ತಡೆದು ನಿಲ್ಲಿಸಿದ್ದು ಚಿನ್ನದ ಮಿಂಚಿನವರ ಸ್ವಂತ ತಾಯಿಯನ್ನಂತೆ. ಪಾಪ, ಮುಂದೆ ಹೀಗಾಗದಿರಲೆಂದು ಗೇಟಿಗೊಂದರಂತೆ ನನ್ನ ಆರು ಫೋಟೋ ಇದರೊಂದಿಗೆ ಕಳಿಸಿದ್ದೇನೆ. ತೆಗೆದವರು ನನ್ನ ಅಳಿಯ.