ಕಂಪ್ಯೂಟರಿನ ಜ್ವರಕ್ಕೆ ನನ್ನ ಮದ್ದು

ಕಾನ್ವೆಂಟಿನಲ್ಲಿ ನನಗೆ ನೀಡಲ್‌ವರ್ಕಿಗೆ ಫಸ್ಟ್ ಪ್ರೈಜ್ ಬಂದಿತ್ತು. ಅಂಥವಳಿಗೆ ಒಂದು ಕಂಪ್ಯೂಟರ್ ಬಿಚ್ಚುವುದು ಯಾವ ದೊಡ್ಡ ಕೆಲಸ? ಹೀಗೆಂದುಕೊಂಡೇ ಆ ಬೆಳಿಗ್ಗೆ ಕ್ರೋಷೆ ಸೂಜಿ ಕೈಗೆತ್ತಿಕೊಂಡೆ.

ವಾರದಿಂದ ಅದು ಜ್ವರ ಬಂದವರ ಹಾಗೆ ಕಾಯುತ್ತಿತ್ತು. ಅರ್ಧ ತಾಸಿಗೊಮ್ಮೆ, ಗುಡ್‌ಬೈ ಕೂಡ ಹೇಳದೆ, ಆಫ್! ಭಾಲ್ಕಿಯ ಬಿಸಿಲಿಗೆ ನಾವೇ ಆಫ್ ಆಗುತ್ತೇವೆ, ಅದರದೇನು ತಪ್ಪು? ಆದರೆ ಅದರೊಳಗೆ ನಮ್ಮಕ್ಕನ ಹಾಡುಗಳಿದ್ದವು.

ಔರಾದದಲ್ಲಿರುವ ನಮ್ಮಕ್ಕ ಗುರಮ್ಮನಿಗೆ ಬೀಸುಕಲ್ಲಿನ ಹಾಡು ನೂರಾರು ಬರುತ್ತಿದ್ದವು. ಈಚೆಗೆ ಮರೆವು ಶುರುವಾಗಿದೆ. ಹಾಡುಗಳು ಒಂದೊಂದಾಗಿ ಜಾರುತ್ತಿರುವುದು ಗೊತ್ತಾದಾಗ, ಫೋನಿನಲ್ಲಿ ಅವಳಿಂದ ಹೇಳಿಸಿಕೊಂಡು ಒಂದೇ ಬೆರಳಿನಲ್ಲಿ ಟೈಪ್ ಮಾಡಿಟ್ಟಿದ್ದೆ. ಅವುಗಳಲ್ಲಿ ಎಷ್ಟೋ ಈಗ ಅವಳಿಗೇ ನೆನಪಿಲ್ಲ. ಬೇರೆಲ್ಲೂ ಕಾಪಿಯೂ ಇಲ್ಲ. ರವಿವಾರ ದೊಡ್ಡಕ್ಷರದಲ್ಲಿ ಪ್ರಿಂಟ್ ಮಾಡಿಸಿ ಅವಳ ಉಡಿಗೆ ಹಾಕುತ್ತೇನೆಂದು ಪ್ರಾಮಿಸ್ ಮಾಡಿದ್ದೆ.

ಡಬ್ಬಿ ತೆರೆದೆ. ಧೂಳು ಹೊಡೆದೆ. ಸೂಜಿಯಿಂದ ಮೀಟಿ ಫ್ಯಾನು ಎತ್ತಿದೆ. ಅದರ ಕೆಳಗಿತ್ತು ಪ್ರೊಸೆಸರ್: ಬಿಸ್ಕೀಟಿನಷ್ಟು ಚೌಕ, ಮೇಲೆಲ್ಲ ಒಣಗಿದ ಬೂದು ಬಣ್ಣದ ಕೊಳೆ. ನಮ್ಮ ಕಾನ್ವೆಂಟಿನ ಸಿಸ್ಟರ್ ನೋಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ತಾಮ್ರದ ತಂಬಿಗೆ ತಿಕ್ಕುವ ಶ್ರದ್ಧೆಯಿಂದ ತಿಕ್ಕಿದೆ. ನನ್ನ ಮುಖ ಕಾಣುವಷ್ಟು ಹೊಳೆಯಿತು. ವಂಡರ್‌ಫುಲ್!

ಚಾಲೂ ಮಾಡಿದೆ. ಮೊದಲು ಅರ್ಧ ತಾಸು ಬದುಕುತ್ತಿದ್ದದ್ದು ಈಗ ಎರಡೇ ನಿಮಿಷಕ್ಕೆ ಕಣ್ಣು ಮುಚ್ಚಿತು.

ನಮ್ಮೂರಿನ ರಿಪೇರಿಯವನಿಗೆ ಫೋನ್ ಮಾಡಿದೆ. ಅವನು ಹಲಬರ್ಗಾದಲ್ಲಿ ಮದುವೆಯೂಟದ ಪಂಕ್ತಿಯಲ್ಲಿದ್ದ, ನಾಳೆ ಬರುವುದಾಗಿ ಹೇಳಿದ.

"ಏನರ ಮಾಡ್ರಿ ಅಮ್ಮಾ, ಆ ಬೂದಿ ಬಣ್ಣದ ಪೇಸ್ಟ್ ಒಂದು ಮುಟ್ಟಬ್ಯಾಡ್ರಿ. ಪ್ರೊಸೆಸರಿಗಿ ಅದೇ ತಂಪು ನೋಡ್ರಿ."

"ಆಫ್‌ಕೋರ್ಸ್, ನಾ ಯಾಕ ಮುಟ್ಲಿ?" ಎಂದು ಫೋನ್ ಇಟ್ಟೆ.

ಈಗ ಬುದ್ಧಿ ಓಡಿಸಬೇಕಾಯಿತು. ಬೂದು ಬಣ್ಣದ್ದು. ತಂಪು ಕೊಡುವುದು. ನೀರಿನಲ್ಲಿ ಕಲೆಸಿದರೆ ಪೇಸ್ಟಾಗುವುದು. ದೇವರ ಜಗಲಿಯ ಮೇಲೇ ಇತ್ತಲ್ಲ! ನಮ್ಮ ಯಜಮಾನರ ವಿಭೂತಿ ಗಟ್ಟಿಯನ್ನು ತೇಯ್ದು, ಮೂರು ಬೆರಳಿನಿಂದ ಪ್ರೊಸೆಸರಿನ ಹಣೆಗೆ ನೀಟಾಗಿ ಎಳೆದೆ. ಐವತ್ತು ವರ್ಷ ಅವರ ತಲೆ ತಣ್ಣಗಿಟ್ಟದ್ದು ಇದಕ್ಕೆ ಸಾಲದೇ?

ಸ್ನಾನ ಮಾಡಿ ಬಂದ ಯಜಮಾನರು ಜಗಲಿ ತಡಕಾಡಿದರು. ಆಮೇಲೆ ಬಂದು ಡಬ್ಬಿಯೊಳಗೆ ಇಣುಕಿದರು.

"ದೀಕ್ಷಾ ಆತೇನು ಇದಕ? ಇನ್ನ ಹೆಸರೊಂದು ಇಟ್ಟುಬಿಡು."

ಸ್ವಿಚ್ ಒತ್ತಿದೆ. ಕೀಂ ಕೀಂ ಎಂದು ಅತ್ತು ಸುಮ್ಮನಾಯಿತು. ಮತ್ತೆ ಒತ್ತಿದರೆ ಅಳುವೂ ಇಲ್ಲ. ಅಕ್ಕನ ಮರೆವು ಉಳಿಸಿದ್ದನ್ನೆಲ್ಲ ನನ್ನ ಜಾಣತನ ಅಳಿಸಿತೇ? ನಾಳೆಯವರೆಗೆ ಕಾಯುವ ಧೈರ್ಯ ಆಗಲಿಲ್ಲ.

ಡಬ್ಬಿಯನ್ನು ಕೌದಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ಯಜಮಾನರ ಜೊತೆ ಬೀದರಿನ ಬಸ್ಸು ಹತ್ತಿದೆ. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ವಿಭೂತಿಯ ವಾಸನೆ ಹಿಡಿದು, ಯಾವ ದೇವರೆಂದು ಕೇಳಿ ಕೈ ಮುಗಿದಳು. ನಾನೂ ಮುಗಿದೆ. ಆ ಹೊತ್ತಿಗೆ ನನಗೂ ಬೇರೆ ದಾರಿ ಇರಲಿಲ್ಲ.

ಬೀದರಿನಲ್ಲಿ ಮೊಯಿನ್ ಭಾಯಿ ಇದ್ದಾರೆ, ನಮ್ಮ ರೇಡಿಯೋ ಕಾಲದಿಂದ ರಿಪೇರಿಯವರು. ಒಳಗಿರುವ ಅಕ್ಕನ ಹಾಡುಗಳ ಸಂಗತಿ ಹೇಳಿದೆ. ಫ್ಯಾನು ಎತ್ತಿದರು. ಮೂಸಿದರು. ಕನ್ನಡಕ ಸರಿಪಡಿಸಿಕೊಂಡರು.

"ಅಮ್ಮಾ, ಇದು ಹಣಿಗಿ ಹಚ್ಚೋದು ಅದ ಅಲ್ರಿ?"

ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಯಜಮಾನರು ನನ್ನನ್ನು ನೋಡಿದರು. ಮೊಯಿನ್ ಭಾಯಿ ನಗಲಿಲ್ಲ. ಎದ್ದು ಹೋಗಿ ಕೈ ತೊಳೆದು ಬಂದರು. ಸ್ವಚ್ಛ ಕಾಗದದ ಮೇಲೆ ವಿಭೂತಿಯನ್ನೆಲ್ಲ ಕೆರೆದು, ಪೊಟ್ಟಣ ಕಟ್ಟಿ ನನ್ನ ಕೈಗಿಟ್ಟರು.

"ಕಸದಾಗ ಹಾಕೋದು ಅಲ್ರಿ ಇದು. ನಿಮ್ಮ ನೀಯತ್ತು ಚಲೋ ಅದ, ಮಗರ್ ಇದಕ ಪೇಸ್ಟ್ ಬ್ಯಾರೆ ಬೇಕ್ರಿ. ಹಾಡು ಎಲ್ಲಿ ಹೋಗಿಲ್ಲ ತಗೋರಿ, ಅವು ಇರೋ ಹಾರ್ಡ್‌ಡಿಸ್ಕ್ ಡಬ್ಬಿನೇ ಬ್ಯಾರೆ."

ಸಾಸಿವೆ ಕಾಳಿನಷ್ಟು ಪೇಸ್ಟ್ ಹಚ್ಚಿದರು. ಅಷ್ಟೇ! ಪರದೆ ಬೆಳಗಿತು; ಅಕ್ಕನ ಹಾಡುಗಳು ಸಾಲಾಗಿ ಕುಳಿತಿದ್ದವು. ಕಣ್ಣಲ್ಲಿ ನೀರು ಬಂತು. ಪರದೆಯ ಗ್ಲೇರ್ ಜಾಸ್ತಿ ಎಂದೆ.

ರವಿವಾರ ಔರಾದದಲ್ಲಿ ಅಕ್ಕ ಹಾಳೆಗಳನ್ನು ಒಂದೊಂದಾಗಿ ತಿರುವಿದಳು. ಒಂದು ಕಡೆ ನಿಂತು, ಇದು ಭಾಳ ಚಂದ ಅದ, ಯಾರ ಹಾಡು ಎಂದು ಕೇಳಿದಳು. ಮಾತು ಮರೆಸಲು ನಮ್ಮ ಯಜಮಾನರು ವಿಭೂತಿಯ ಕಥೆ ತೆಗೆದರು. ಅಕ್ಕ ಸೆರಗು ಬಾಯಿಗಿಟ್ಟು ನಕ್ಕಳು. ಆಮೇಲೆ, ಕೈಯಲ್ಲಿ ಬೀಸುಕಲ್ಲಿನ ಗೂಟ ಇದ್ದಂತೆ ತೂಗುತ್ತ, ಅಲ್ಲೇ ಕಟ್ಟಿ ಹಾಡಿದಳು:

"ಇಂಗ್ಲೀಷ ಸಾಲ್ಯಾಗ ಕಲಿತಾಳ ನನ ತಂಗಿ
ಯಂತರದ ಹಣಿಗಿ ಇಬತ್ತಿ ಹಚ್ಚ್ಯಾಳ
ಮಂತರ ಒಂದು ಮರತಾಳ."

ಬೆಳಿಗ್ಗೆ ಏನು ಉಂಡಳೆಂಬುದು ಅಕ್ಕನಿಗೆ ಮಧ್ಯಾಹ್ನ ನೆನಪಿರುವುದಿಲ್ಲ. ಆದರೆ ಈ ಹಾಡನ್ನು ಮನೆಗೆ ಬಂದವರಿಗೆಲ್ಲ ಒಂದಕ್ಷರ ತಪ್ಪದೆ ಹಾಡುತ್ತಾಳೆ. ಆ ಹಾಳೆಗಳನ್ನು ಹೊಲಿದು ಮಾಡಿದ ಪುಸ್ತಕದ ಕೊನೆಯ ಪುಟದಲ್ಲಿ ಅದೂ ಸೇರಿದೆ, ಎಲ್ಲಕ್ಕಿಂತ ದೊಡ್ಡಕ್ಷರದಲ್ಲಿ. ಟೈಪ್ ಮಾಡಿದವಳು, ಇನ್ಯಾರು, ನಾನೇ!